ಹಲಸಿನ ಗಿಟಾರು, ಅಡಿಕೆ ಮೂಟೆಯ ಸ್ಟುಡಿಯೋ: ನನ್ನ ಅನುಭವ

ಕೊಟ್ಟಿಗೆಯಲ್ಲಿ ಕೂತು ಹಲಸಿನ ಹಲಗೆ ಕೊರೆಯುತ್ತಿದ್ದಾಗ ನಮ್ಮೂರ ಆಚಾರ್ರು ನೋಡೋಕೆ ಬಂದರು. ನಾನು ವೀಣೆ ಮಾಡುತ್ತಿದ್ದೇನೆ ಅಂತ ಯಾರೋ ಹೇಳಿದ್ದರಂತೆ. ಹಲಗೆ ಎತ್ತಿ, ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡಿ, "ಎಂತದು ಮಾರಾಯ, ಇದಕ್ಕೆ ಹೊಟ್ಟೆಯೇ ಇಲ್ವಲ್ಲ, ನಾದ ಎಲ್ಲಿಂದ ಬರ್ತದೆ?" ಅಂದರು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನನಗೇ ಪೂರ್ತಿ ಗೊತ್ತಾಗೋಕೆ ಎರಡು ಗಿಟಾರು, ಒಂದು ಹಾಳಾದ ಪಿಕಪ್ಪು (ಗಾಡಿಯಲ್ಲ, ಗಿಟಾರಿನೊಳಗಿನ ತಂತಿಯ ಸುರುಳಿ) ಮತ್ತು ಹತ್ತಿರ ಹತ್ತಿರ ಮೂರು ವರ್ಷ ಬೇಕಾಯಿತು.

ನಮ್ಮನೆ ಸಾಗರದ ಹತ್ತಿರ. ಅಡಿಕೆ ತೋಟ, ಹೆಂಚಿನ ಮನೆ, ಮಳೆಗಾಲ ಬಂತೆಂದರೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಬರುವಾಗ ನನ್ನ ಹತ್ತಿರ ಒಂದು ಸಾದಾ ಗಿಟಾರು, ಒಂದು ಲ್ಯಾಪ್‌ಟಾಪು ಇತ್ತು ಅಷ್ಟೆ. ಊರಲ್ಲಿ ಮರ ಇದೆ, ಜಾಗ ಇದೆ, ಸುಮ್ನೆ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಿ ನೋಡೋಣ ಅಂತ ಶುರು ಮಾಡಿದ್ದು.

ಮೊದಲನೇದರ ಕತೆ ಬೇಗ ಮುಗಿಸುತ್ತೇನೆ. ಹಳೇ ಬಾಗಿಲಿನ ಸಾಗವಾನಿ ಹಲಗೆಯಲ್ಲಿ ಬಾಡಿ ಮಾಡಿದೆ, ನೆಕ್ಕು (ಬೆರಳೊತ್ತಿ ನುಡಿಸುವ ಉದ್ದ ಭಾಗ) ರೆಡಿಮೇಡ್ ತರಿಸಿದೆ. ಬಾಡಿಯ ಆಕಾರ ತಿದ್ದೋಕೆ, ಪಾಲಿಶ್ ಹೊಡೆಯೋಕೆ ಎರಡು ತಿಂಗಳು. ಬಾಡಿಯ ಮೇಲೆ ತಂತಿ ಹೊರುವ ಬ್ರಿಡ್ಜ್ ಎಲ್ಲಿ ಕೂರಬೇಕು ಅಂತ ಅಳತೆ ಮಾಡೋಕೆ ಐದು ನಿಮಿಷ. ಅಲ್ಲೇ ಕೆಟ್ಟಿದ್ದು. ಆ ನೆಕ್ಕಿನ ಸ್ಕೇಲ್ (ತಂತಿ ಮಿಡಿಯುವ ಉದ್ದ) 648 ಮಿ.ಮೀ, ಅಂದರೆ ನೆಕ್ಕಿನ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ 12ನೇ ಫ್ರೆಟ್‌ಗೆ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) 324, ಅಲ್ಲಿಂದ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್‌ಗೆ ಇನ್ನೊಂದು 324, ಅದರ ಮೇಲೆ ತೆಳು ತಂತಿಗೆ ಒಂದೂವರೆ ಎರಡು ಮಿಲಿಮೀಟರು, ದಪ್ಪ ತಂತಿಗೆ ನಾಲ್ಕೈದು ಮಿಲಿಮೀಟರು ಜಾಸ್ತಿ ಬಿಡಬೇಕು, ಯಾಕೆಂದರೆ ತಂತಿ ಒತ್ತಿದಾಗ ಅದು ಸ್ವಲ್ಪ ಎಳೆದು ಶ್ರುತಿ ಏರುತ್ತದೆ. ನಾನು ಬಾಡಿಯ ಅಂಚಿನಿಂದ ಕಣ್ಣಂದಾಜಿನಲ್ಲಿ ಅಳೆದು 8 ಮಿ.ಮೀ ಹಿಂದೆ ಸ್ಕ್ರೂ ಹೊಡೆದೆ. ತೆರೆದ ತಂತಿ ಶ್ರುತಿಯಲ್ಲಿದೆ, ಮೇಲೆ ಹೋದ ಹಾಗೆ ಒಂದೊಂದು ಸ್ವರವೂ ಇಳಿಯುತ್ತಾ ಹೋಗುತ್ತದೆ. ನೋಡೋಕೆ ಮಾತ್ರ ಬಹಳ ಚೆಂದ. ಈಗಲೂ ಗೋಡೆ ಮೇಲಿದೆ, ಬಂದವರೆಲ್ಲ ಅದನ್ನೇ ಹೊಗಳುತ್ತಾರೆ!

ಆಗಲೇ ನಾನು ಲೆಕ್ಕ ತಿರುಗಿಸಿಕೊಂಡೆ: ಕಣ್ಣಿಗೆ ಕಾಣುವ ಕೆಲಸಕ್ಕೆ ಕಮ್ಮಿ ದಿನ, ಕಿವಿಗೆ ಕೇಳುವ ಕೆಲಸಕ್ಕೆ ಜಾಸ್ತಿ ದಿನ. ಹೇಳೋಕೆ ಸುಲಭ.

ಎರಡನೇದು ಹಲಸು. ಅಂಗಳದ ಮರ ಗಾಳಿಗೆ ಬಿದ್ದಿತ್ತು, ಮಿಲ್ಲಿನಲ್ಲಿ ಎರಡಿಂಚಿನ ಹಲಗೆ ಸೀಳಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಜೊತೆ ಒಂದೂವರೆ ವರ್ಷ ಹಾಕಿಟ್ಟಿದ್ದೆವು. ಇದೊಂದು ನಾವು ಬುದ್ಧಿ ಇಲ್ಲದೇ ಮಾಡಿದ ಬುದ್ಧಿವಂತಿಕೆ, ಮಲೆನಾಡಿನ ಹಸಿ ಹಲಗೆಯಲ್ಲಿ ಗಿಟಾರ್ ಮಾಡಿದರೆ ಬೇಸಿಗೆ ಬರೋದರೊಳಗೆ ಸೊಟ್ಟ ಆಗಿರುತ್ತದೆ. ವೀಣೆಗೂ ಹಲಸೇ ತಾನೆ, ಆಚಾರ್ರಿಗೆ ಅನುಮಾನ ಬಂದಿದ್ದು ಅದಕ್ಕೇ. ಎರಡು ಹಲಗೆ ಫೆವಿಕಾಲ್ ಹಾಕಿ ಜೋಡಿಸಿ, ಕೀಸಿ 44 ಮಿ.ಮೀ ದಪ್ಪಕ್ಕೆ ತಂದೆ. ರೂಟರ್ ಹಚ್ಚಿದರೆ ಕೊಟ್ಟಿಗೆಯೆಲ್ಲ ಅರಿಶಿನದ ಪುಡಿ ಚೆಲ್ಲಿದ ಹಾಗೆ. ಬಾಡಿ 2.3 ಕೆಜಿ ತೂಗಿತು, ಭುಜಕ್ಕೆ ಪರವಾಗಿಲ್ಲ. ಬಣ್ಣ ಹಾಕಲಿಲ್ಲ, ಹಲಸು ಬೆಳಕಿಗೆ ತಾನೇ ಕಂದುಬಣ್ಣಕ್ಕೆ ತಿರುಗುತ್ತದೆ. ಸೀಲರ್ ಒಂದು ಕೋಟು, ಅರಗಿನ ಪಾಲಿಶ್ ಬಟ್ಟೆಯಲ್ಲಿ ಏಳೆಂಟು ಕೋಟು. ಹತ್ತು ದಿನದಲ್ಲಿ ಬಾಡಿ ಮುಗಿಯಿತು.

ನೆಕ್ಕು ಈ ಸಲ ನಾನೇ ಮಾಡಿದ್ದು. ಸಾಗವಾನಿಯ ಮೂರು ಪಟ್ಟಿ ಅಂಟಿಸಿ, ಮಧ್ಯೆ 6 ಮಿ.ಮೀ ಅಗಲದ ಕಾಲುವೆ ಕೊರೆದು ಎರಡೂ ಕಡೆ ಬಗ್ಗಿಸುವ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿ ಮಾಡುವ ಸರಳು) ಕೂರಿಸಿದೆ. ಫ್ರೆಟ್ ಕೂರುವ ಮೇಲಿನ ಹಲಗೆಗೆ, ಅಂದರೆ ಫ್ರೆಟ್‌ಬೋರ್ಡಿಗೆ, ಬೀಟೆ. ಪ್ರಪಂಚದ ಎಷ್ಟೋ ಗಿಟಾರುಗಳಲ್ಲಿ ನಮ್ಮ ಕಡೆಯ ಬೀಟೆ ಇದ್ದರೂ ಇಲ್ಲಿ ನನಗೆ ಒಂದು ತುಂಡು ಸಿಗೋದು ಕಷ್ಟ, ಮರ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು, ಬೇಕೂ ಇರಬೇಕು ಬಿಡಿ. ಅಜ್ಜನ ಕಾಲದ ಮುರಿದ ಮಂಚದ ಪಟ್ಟಿ ಇತ್ತು. ಸೀಳಿದಾಗ 6 ಮಿ.ಮೀ ದಪ್ಪದ ಒಂದೇ ಒಂದು ಒಳ್ಳೇ ತುಂಡು ಬಂತು. ಅಮ್ಮ, "ಅದೊಂದನ್ನಾದರೂ ಹಾಳು ಮಾಡಬೇಡವೋ" ಅಂದಿದ್ದಳು.

ಫ್ರೆಟ್ ಎಲ್ಲೆಲ್ಲಿ ಬರಬೇಕು ಅನ್ನೋದಕ್ಕೆ ಒಂದು ಸಂಖ್ಯೆ ಸಾಕು, 17.817. ಸ್ಕೇಲನ್ನು ಅದರಿಂದ ಭಾಗಿಸಿದರೆ ಮೊದಲ ಫ್ರೆಟ್. 648ಕ್ಕೆ 36.37 ಮಿ.ಮೀ. ಉಳಿದ 611.63 ಅನ್ನು ಮತ್ತೆ ಭಾಗಿಸಿದರೆ ಎರಡನೇದರ ಅಂತರ, 34.33. ಹೀಗೇ 22ರ ತನಕ. ಆದರೆ ಗುರುತು ಹಾಕುವಾಗ ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯಬಾರದು, ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಬೇಕು, ಇಲ್ಲದಿದ್ದರೆ ಪ್ರತಿ ಸಲದ ಕೂದಲೆಳೆ ತಪ್ಪು ಸೇರಿ ಸೇರಿ ಕೊನೆಗೆ ಎರಡು ಮಿಲಿಮೀಟರ್ ಆಗಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಸೋಮಾರಿತನ ಮಾಡಿ ಕಂಪ್ಯೂಟರಿನಲ್ಲಿ ಅಳತೆ ಪಟ್ಟಿ ಬರೆದು, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಬೀಟೆಯ ಮೇಲೆ ಅಂಟಿಸಿದೆ. ಸೀಳು ಅರ್ಧ ಮಿಲಿಮೀಟರಿಗಿಂತ ಒಂಚೂರು ಅಗಲ ಇರಬೇಕು, ಬಡಗಿಯ ಗರಗಸ ಎರಡು ಪಟ್ಟು ಅಗಲ ಕೊಯ್ಯುತ್ತದೆ, ಅದಕ್ಕೇ ಅಂತಲೇ ತೆಳು ಗರಗಸ ತರಿಸಿದ್ದೆ. ಎರಡು ದಿನ ಉಸಿರು ಬಿಗಿಹಿಡಿದು 22 ಸೀಳು ಕೊಯ್ದೆ. ಆಮೇಲೆ ಸುಮ್ನೆ ಸಮಾಧಾನಕ್ಕೆ ಅಂತ ಸ್ಟೀಲ್ ಪಟ್ಟಿ ಇಟ್ಟರೆ 12ನೇ ಫ್ರೆಟ್ 314ರಲ್ಲಿದೆ. 324 ಅಲ್ಲ.

ಪ್ರಿಂಟರ್ ಹಾಳೆಗೆ ಹೊಂದಿಸೋಕೆ ಎಲ್ಲವನ್ನೂ 97 ಶೇಕಡಾಕ್ಕೆ ಇಳಿಸಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಅಜ್ಜನ ಮಂಚ, ಅಮ್ಮನ ಮಾತು. ಮಧ್ಯರಾತ್ರಿ ಎದ್ದು ಲೆಕ್ಕ ಹಾಕಿದೆ. ಎಲ್ಲ ಅಂತರವೂ ಒಂದೇ ಪ್ರಮಾಣದಲ್ಲಿ ಇಳಿದಿದೆ ಅಂದಮೇಲೆ ಸ್ಕೇಲೂ ಅಷ್ಟೇ ಇಳಿದರೆ ಆಯ್ತಲ್ಲ? 648ರ 97 ಶೇಕಡಾ ಅಂದರೆ 628.5. ನಗು ಬಂತು. ಅಮೆರಿಕದ ಫೆಂಡರ್ ಕಂಪನಿಯ ಹೆಚ್ಚಿನ ಗಿಟಾರುಗಳ ಸ್ಕೇಲ್ 25.5 ಇಂಚು, ಅದೇ ಈ 648. ಅಲ್ಲಿನದೇ ಇನ್ನೊಂದು ಕಂಪನಿ ಗಿಬ್ಸನ್‌ನವರ ಲೆಸ್ ಪಾಲ್ ಗಿಟಾರಿನದು 24.75 ಇಂಚು, ಅಂದರೆ 628 ಚಿಲ್ಲರೆ! ನಾನು ಫೆಂಡರ್ ನೆಕ್ಕು ಮಾಡೋಕೆ ಹೋಗಿ ಜೆರಾಕ್ಸ್ ಅಂಗಡಿಯ ಪುಣ್ಯದಿಂದ ಗಿಬ್ಸನ್ ನೆಕ್ಕು ಮಾಡಿದ್ದೆ. ಬ್ರಿಡ್ಜ್ ಇನ್ನೂ ಕೂರಿಸಿರಲಿಲ್ಲ, 314 ಪ್ಲಸ್ 314ಕ್ಕೆ ಗುರುತು ಹಾಕಿದೆ, ಈ ಸಲ ಆರು ಬಾರಿ ಅಳೆದು. ಸ್ಕೇಲ್ ಚಿಕ್ಕದಾದ್ದರಿಂದ ತಂತಿ ಬಿಗಿ ಕಮ್ಮಿ, ಎಳೆದು ಗಮಕ ತರೋಕೆ ಸಲೀಸು. ಈಗ ಕೇಳಿದವರಿಗೆ ಬೇಕಂತಲೇ ಮಾಡಿದ್ದು ಅನ್ನುತ್ತೇನೆ.

ಫ್ರೆಟ್ ತಂತಿಯನ್ನು ರಬ್ಬರ್ ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಮೇಲೆ ಎಲ್ಲದರ ತಲೆ ಒಂದೇ ಮಟ್ಟಕ್ಕೆ ಬರಬೇಕು. ಗ್ರಾನೈಟ್ ಅಂಗಡಿಯ ಹೊರಗೆ ಬಿಸಾಕಿದ್ದ ಪಟ್ಟಿಯೊಂದನ್ನು ತಂದು ಅದಕ್ಕೆ ಉಪ್ಪುಕಾಗದ ಅಂಟಿಸಿಕೊಂಡೆ. ಫ್ರೆಟ್‌ಗಳ ಮೇಲೆ ಮಾರ್ಕರ್ ಬಳಿದು, ನಿಧಾನ ಉಜ್ಜಿ, ಎಲ್ಲದರ ಮಸಿ ಹೋಗುವ ತನಕ ಬಿಡಬಾರದು. ಆಮೇಲೆ ಅರದಲ್ಲಿ ಒಂದೊಂದನ್ನೂ ಮತ್ತೆ ದುಂಡಗೆ ಮಾಡಬೇಕು. ಬರೀ ಇದಕ್ಕೇ ಒಂಬತ್ತು ದಿನ. ಏಪ್ರಿಲ್‌ನಲ್ಲಿ ಬೀಟೆ ಒಣಗಿ ಒಳಗೆ ಸರಿದು ಫ್ರೆಟ್ ತುದಿಗಳು ಅಂಗೈಗೆ ಗೀರೋಕೆ ಶುರುವಾದವು, ಮತ್ತೆ ಅರ ಹಿಡಿದೆ.

ಆಚಾರ್ರ ಪ್ರಶ್ನೆಗೆ ಉತ್ತರ ಇರೋದು ಪಿಕಪ್ಪಿನಲ್ಲಿ. ಅಯಸ್ಕಾಂತದ ಆರು ಕಡ್ಡಿ, ಅದರ ಸುತ್ತ ಎಂಟು ಸಾವಿರ ಸುತ್ತು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಾಡಿದರೆ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ಹೊಟ್ಟೆಯ ಕೆಲಸ ಸುರುಳಿ ಮಾಡುತ್ತದೆ. ಹೊಟ್ಟೆಯಿಲ್ಲದ ಗಿಟಾರನ್ನು 1950ರಲ್ಲಿ ದೊಡ್ಡ ಮಟ್ಟದಲ್ಲಿ ಮಾರೋಕೆ ಶುರು ಮಾಡಿದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು, ಅವನಿಗೆ ಗಿಟಾರ್ ನುಡಿಸೋಕೇ ಬರುತ್ತಿರಲಿಲ್ಲ. ನನಗೆ ಇದು ದೊಡ್ಡ ಧೈರ್ಯ.

ಓದಿದ ಕಡೆಯಲ್ಲೆಲ್ಲ ಆ ಸುರುಳಿಗೆ 42 ಗೇಜ್ (ದಪ್ಪದ ನಂಬರು) ತಂತಿ ಅಂತಿತ್ತು. ಶಿವಮೊಗ್ಗದ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ 42 ಗೇಜ್ ಕೇಳಿದೆ, ಕೊಟ್ಟರು. ಅಮ್ಮನ ಹೊಲಿಗೆ ಮಿಷನ್ನಿನ ಬಾಬಿನ್ ಸುತ್ತೋ ಕಡೆಗೆ ನನ್ನ ಬಾಬಿನ್ ಸಿಕ್ಕಿಸಿ, ಹಳೇ ಕ್ಯಾಲ್ಕುಲೇಟರಿನ ಸಮ ಚಿಹ್ನೆಯ ಗುಂಡಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ತಾನೇ ಒತ್ತಿಕೊಳ್ಳುವ ಸ್ವಿಚ್) ಬೆಸುಗೆ ಹಾಕಿ, ತಿರುಗೋ ಚಕ್ರಕ್ಕೆ ಒಂದು ಅಯಸ್ಕಾಂತ ಅಂಟಿಸಿದೆ. 1 ಪ್ಲಸ್ ಒತ್ತಿಟ್ಟರೆ ಒಂದೊಂದು ಸುತ್ತಿಗೂ ಲೆಕ್ಕ ತಾನೇ ಏರುತ್ತದೆ. ಮೂರು ಸಾವಿರ ಸುತ್ತಿಗೇ ಬಾಬಿನ್ ತುಂಬಿಹೋಯಿತು. ಮೀಟರ್ ಇಟ್ಟರೆ ಬರೀ 1 ಕಿಲೋ ಓಮ್, ಇರಬೇಕಾದ್ದು ಆರೇಳು. ಅಂಗಡಿಯವರ ತಪ್ಪಲ್ಲ. ಪುಸ್ತಕದ 42 ಅಮೆರಿಕದ ಗೇಜು, 0.063 ಮಿ.ಮೀ. ನಮ್ಮ ವೈಂಡಿಂಗ್ ಅಂಗಡಿಗಳ 42 ಬ್ರಿಟಿಷ್ ಗೇಜು, 0.1 ಮಿ.ಮೀ. ನೀವು ಕೇಳಬೇಕಾದ್ದು 46. ಈ ಒಂದು ಸಾಲು ಯಾರಾದರೂ ಕನ್ನಡದಲ್ಲಿ ಮೊದಲೇ ಬರೆದಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು, ಅದಕ್ಕೇ ಬರೆದಿದ್ದೇನೆ.

46ರಲ್ಲಿ ಸುತ್ತಿದ್ದು ಸರಿಯಾಯಿತು, 6.8 ಕಿಲೋ ಓಮ್. ಆದರೆ ಆಂಪ್ (ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ) ಜೋರು ಮಾಡಿದರೆ ಪಿಕಪ್ಪು ಕುಂಯ್ ಅಂತ ಕೂಗುತ್ತಿತ್ತು, ಒಳಗಿನ ಸುತ್ತುಗಳೇ ಅಲುಗಾಡಿ. ಅದಕ್ಕೆ ಮೇಣ ಕುಡಿಸಬೇಕು. ಮೇಣದಬತ್ತಿ ನಾಲ್ಕು ಪಾಲು, ಜೇನುಮೇಣ ಒಂದು ಪಾಲು, ನೇರ ಬೆಂಕಿಯ ಮೇಲಲ್ಲ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 65 ಡಿಗ್ರಿ ಒಳಗೇ ಕರಗಿಸಿ, ಗುಳ್ಳೆ ನಿಲ್ಲುವ ತನಕ ಅದ್ದಿಡಬೇಕು. ವೀಣೆಯ ಮೆಟ್ಟಿಲು ಕೂರಿಸೋದೂ ಜೇನುಮೇಣದಲ್ಲೇ ಅಂತ ಆಚಾರ್ರಿಗೆ ಹೇಳಿದೆ. "ಹಾಗಾದ್ರೆ ಸ್ವಲ್ಪ ನಂಟು ಉಂಟು" ಅಂದರು.

ಗಿಟಾರ್ ಮುಗಿದ ಮೇಲೆ ಹಾಡು ಚಿತ್ರೀಕರಿಸೋಕೆ ಹೊರಟಾಗ ಮತ್ತೆ ಅದೇ ತಪ್ಪು, ಕಣ್ಣಿಗೆ ಕಾಣುವ ಕೆಲಸಕ್ಕೇ ಜಾಸ್ತಿ ದಿನ. ಕೊಟ್ಟಿಗೆಗೆ ಬಣ್ಣದ ಎಲ್ಇಡಿ ಲೈಟು, ಹಿಂದೆ ಅಡಿಕೆ ಹಾಳೆಯ ಅಲಂಕಾರ, ಮೂರು ದಿನ. ರೆಕಾರ್ಡಿಂಗ್ ಒತ್ತಿದರೆ ಗಿಟಾರಿನಲ್ಲಿ ಜೇನುಹುಳ ಹೊಕ್ಕ ಹಾಗೆ ಗುಂಯ್. ಲೈಟು ಆರಿಸಿದರೆ ಅರ್ಧ ಹೋಯಿತು, ಎಲ್ಇಡಿಯ ಒಳಗಿನ ಸರ್ಕ್ಯೂಟು ನನ್ನದರ ಹಾಗೆ ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ಪಿಗೆ ಶತ್ರು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಇನ್ನೊಂದಿಷ್ಟು ಹೋಯಿತು. ಉಳಿದದ್ದು ಅರ್ತಿಂಗ್: ಪ್ಲಗ್ಗಿನ ಮೂರನೇ ತೂತಿಗೆ ವೈರೇ ಕೊಟ್ಟಿರಲಿಲ್ಲ, ಇಷ್ಟು ವರ್ಷ ನಾವೂ ನೋಡಿರಲಿಲ್ಲ. ಗಿಟಾರಿನ ತಂತಿಗಳು ಅರ್ತಿಗೇ ಸೇರಿರುತ್ತವೆ, ಕೈ ಅದರ ಮೇಲೇ ಇರುತ್ತದೆ, ಹಾಗಾಗಿ ಇದು ಬರೀ ಗುಂಯ್ ಶಬ್ದದ ವಿಷಯ ಅಲ್ಲ, ದಯವಿಟ್ಟು ಎಲೆಕ್ಟ್ರಿಷಿಯನ್ ಕರೆಸಿ. ಕರೆಂಟು ಹೋಗಿ ಹಳೇ ಇನ್ವರ್ಟರ್ ಶುರುವಾದರೆ ಮಾತ್ರ ಗಿಟಾರ್ ಕೆಳಗಿಟ್ಟು ಚಾ ಕುಡಿಯೋದೇ ದಾರಿ.

ಹಾಗಾಗಿ ಈಗ ಎರಡು ಕೆಲಸ ಬೇರೆ ಬೇರೆ. ಮೊದಲು ಲೈಟು ಆರಿಸಿ ಬರೀ ದನಿ. ಗಿಟಾರನ್ನು ಇಂಟರ್‌ಫೇಸಿನ (ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪೆಟ್ಟಿಗೆ) ಇನ್‌ಸ್ಟ್ರುಮೆಂಟ್ ಸ್ವಿಚ್ ಒತ್ತಿಯೇ ಹಾಕಬೇಕು, ಮೈಕಿನ ಇನ್‌ಪುಟ್ಟಿಗೆ ಹಾಕಿದರೆ ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಮಳೆಗಾಲದಲ್ಲೂ ಇದಕ್ಕೆ ತೊಂದರೆ ಇಲ್ಲ, ಹೆಂಚಿನ ಮೇಲೆ ಎಷ್ಟೇ ಮಳೆ ಹೊಡೆದರೂ ಸುರುಳಿಗೆ ಕೇಳಿಸೋಲ್ಲ. ಆಮೇಲೆ ಲೈಟು ಹಾಕಿ, ಆ ಹಾಡನ್ನೇ ಸ್ಪೀಕರಿನಲ್ಲಿ ಜೋರಾಗಿ ಬಿಟ್ಟು, ಜೊತೆಗೆ ನುಡಿಸುತ್ತಾ ಮೊಬೈಲಿನಲ್ಲಿ ಶೂಟ್. ಹಾಡಿನ ಮೊದಲಿಗೆ ಒಂದು ಚಪ್ಪಾಳೆ ರೆಕಾರ್ಡ್ ಮಾಡಿಟ್ಟಿರುತ್ತೇನೆ, ಎಡಿಟಿಂಗ್‌ನಲ್ಲಿ ಎರಡೂ ದನಿಯ ಚಪ್ಪಾಳೆ ಒಂದರ ಮೇಲೊಂದು ಕೂರಿಸಿದರೆ ಮುಗಿಯಿತು. ಆದರೆ ನುಡಿಸುವಾಗ ಮಾತ್ರ ಮೋಸ ಮಾಡೋಕಾಗೋಲ್ಲ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು, ಕೈ ಎರಡು ಫ್ರೇಮ್ ತಡವಾದರೆ ನೋಡುವವರಿಗೆ ಯಾಕೆ ಅಂತ ಗೊತ್ತಾಗದಿದ್ದರೂ ಏನೋ ಸುಳ್ಳು ಅನ್ನಿಸುತ್ತದೆ.

25 ಫ್ರೇಮ್ ಯಾಕೆ ಅಂದರೆ ನಮ್ಮ ಕರೆಂಟು 50 ಹರ್ಟ್ಸ್. ಮೊಬೈಲು ತಾನಾಗೇ 30 ಫ್ರೇಮ್, 1/60 ಸೆಕೆಂಡಿನ ಶಟರ್ ಹಿಡಿಯಿತು, ಲೈಟೆಲ್ಲ ಪಟಪಟ ಮಿನುಗಿ ಮೊದಲ ವಿಡಿಯೋ ಪೂರ್ತಿ ಹೋಯಿತು. ಶಟರ್ 1/50 ಅಥವಾ 1/100ಕ್ಕೆ, ಬೆಳಕು, ಫೋಕಸ್ ಎಲ್ಲ ಲಾಕ್ ಮಾಡಿದ ಮೇಲೆ ನಿಂತಿತು. ದನಿಯನ್ನು ಶುರುವಿನಿಂದಲೇ 48 ಕಿಲೋಹರ್ಟ್ಸ್‌ನಲ್ಲಿ ಇಟ್ಟುಕೊಳ್ಳಿ, ವಿಡಿಯೋದ್ದೂ ಅದೇ.

ಹಾಡುವ ದನಿ ಮಾತ್ರ ಇನ್ನೂ ತಲೆನೋವು. ಹಗಲು ಹಕ್ಕಿ, ಸ್ಕೂಟರು, ಪಕ್ಕದ ತೋಟದ ಮೋಟಾರು. ರಾತ್ರಿ ಜೀರುಂಡೆ. ಕೋಣೆ ಖಾಲಿ ಇದ್ದರೆ ಬಾವಿಯೊಳಗೆ ಹಾಡಿದ ಹಾಗೆ, ಕಂಬಳಿ ನೇತುಹಾಕಿದೆ, ಹಾಸಿಗೆ ಒರಗಿಸಿದೆ, ಸಾಲಲಿಲ್ಲ. ಹೋದ ಸಲ ಜನವರಿಯಲ್ಲಿ ಸುಲಿದ ಅಡಿಕೆಯ ಮೂಟೆಗಳನ್ನು ಅದೇ ಕೋಣೆಯಲ್ಲಿ ಆಳೆತ್ತರ ಪೇರಿಸಿದ್ದರು. ಜಾಗ ಇಲ್ಲದೆ ಮಧ್ಯೆಯೇ ಮೈಕ್ ಇಟ್ಟು ಹಾಡಿದೆ, ಕೇಳಿ ನೋಡಿದರೆ ಪ್ರತಿಧ್ವನಿಯೇ ಇಲ್ಲ. ಎರಡು ಹಾಡು ಹಾಗೇ ಮುಗಿಸಿದೆ. ಮೂರನೇದರ ಚರಣ ಬಾಕಿ ಇರುವಾಗ ಧಾರಣೆ ಏರಿತು ಅಂತ ಅಪ್ಪ ಮೂಟೆಗಳನ್ನು ಮಂಡಿಗೆ ಸಾಗಿಸಿಬಿಟ್ಟರು. ಪಲ್ಲವಿ ಒಂದು ದನಿ, ಚರಣ ಇನ್ನೊಂದು ದನಿ ಆಗಿಬಿಡುತ್ತದೆ ಅಂತ ಹೇಳಿದೆ. "ಮುಂದಿನ ಕೊಯ್ಲಿಗೆ ಹಾಡು" ಅಂದರು.