ಮನೆ ಪ್ರಿಂಟರ್‌ನಲ್ಲಿ ಉದ್ದದ ಪನೋರಮಾ: ನನ್ನ ಅನುಭವ

ಮುಂಬೈನ ಮರೀನ್ ಡ್ರೈವ್‌ನ ಪನೋರಮಾ (ಅಡ್ಡಕ್ಕೆ ಉದ್ದವಾದ ಫೋಟೊ) ಪ್ರಿಂಟ್ ಕೊಟ್ಟರೆ ನನ್ನ ಇಂಕ್‌ಜೆಟ್ ಪ್ರಿಂಟರ್ ಎ4 ಉದ್ದವಾದ 297 ಮಿ.ಮೀ.ಗೇ ನಿಲ್ಲುತ್ತಿತ್ತು. ಒಂದು ತುದಿಯ ನರಿಮನ್ ಪಾಯಿಂಟ್ ಬರುತ್ತಿತ್ತು, ಇನ್ನೊಂದು ತುದಿಯ ಚೌಪಾಟಿ ಮಾಯ. 'ಫಿಟ್ ಟು ಪೇಜ್' ಹಾಕಿದರೆ ಚಿತ್ರ ಸಣ್ಣ ಪಟ್ಟಿ. ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಮತ್ತೆ ಹಾಕಿದರೂ ಅಷ್ಟೇ. ಪೋಸ್ಟರ್ ಮೋಡ್‌ನಲ್ಲಿ ತುಂಡು ಮಾಡಿ ಅಂಟಿಸಿದರೆ ಆಕಾಶದಲ್ಲಿ ಗೆರೆ.

ಕೆಲಸ ಮಾಡಿದ್ದು ಕಸ್ಟಮ್ ಪೇಪರ್ ಸೈಜ್. ಮೊದಲು ಡ್ರೈವರ್‌ನಲ್ಲಿ ಬಾರ್ಡರ್‌ಲೆಸ್ (ಅಂಚು ಬಿಡದೆ ಪ್ರಿಂಟ್ ಮಾಡುವ ಆಯ್ಕೆ) ಆಫ್ ಮಾಡಿ. ಅದು ಆನ್ ಇದ್ದರೆ ನನ್ನ ಡ್ರೈವರ್‌ನಲ್ಲಿ ಕಸ್ಟಮ್ ಆಯ್ಕೆಯೇ ಬರಲ್ಲ. ಆಮೇಲೆ ಅಗಲ 210, ಉದ್ದ 594 ಮಿ.ಮೀ. ಕೊಟ್ಟು ಸೇವ್ ಮಾಡಿ. ಗರಿಷ್ಠ ಉದ್ದ ಮ್ಯಾನುಯಲ್‌ನಲ್ಲಿರುತ್ತದೆ, ನನ್ನದಕ್ಕೆ 676. ಫೋಟೊ ಆ್ಯಪ್‌ನ ಪೇಜ್ ಸೆಟಪ್‌ನಲ್ಲೂ ಅದೇ ಸೈಜ್ ಆರಿಸಲೇಬೇಕು, ಇಲ್ಲದಿದ್ದರೆ ಅದು ಎ4 ಅಂತಲೇ ಕಳಿಸುತ್ತದೆ. ಚಿತ್ರ 580 ಮಿ.ಮೀ. ಉದ್ದ, 200 ಪಿಪಿಐ (ಇಂಚಿಗೆ ಪಿಕ್ಸೆಲ್), ಸ್ಕೇಲ್ 100%. ಕಾಗದ ಹಿಂದಿನ ಟ್ರೇಯಿಂದ, ಒಂದೊಂದೇ. ಮುಂಬೈ ಮಳೆಗಾಲದಲ್ಲಿ ಕಾಗದದ ಅಂಚು ಸುರುಳಿ ಸುತ್ತಿ ಇಂಕ್ ಸಿಂಪಡಿಸುವ ಹೆಡ್‌ಗೆ ತಗುಲುತ್ತದೆ, ಕಪ್ಪು ಗೀರು ಬೀಳುತ್ತದೆ. ಪ್ರಿಂಟ್ ಕೊಡುವ ತನಕ ಕಾಗದ ಮುಚ್ಚಿದ ಕವರ್‌ನಲ್ಲೇ ಇರಲಿ.