ಪ್ರಾದೇಶಿಕ ಯುದ್ಧದಲ್ಲಿ ಹೊರಗಿನವರ ಕೈವಾಡ ಪತ್ತೆಹಚ್ಚುವುದು ಹೇಗೆ?

ಮೊದಲು ಆಯುಧ ನೋಡಿ. ಚೀನಾದ ಟೈಪ್ 56 ರೈಫಲ್ ದೂರದಿಂದ ಎಕೆ-47ರಂತೆಯೇ ಕಾಣುತ್ತದೆ. ಆದರೆ ನಳಿಕೆಯ ತುದಿಯ ಗುರಿಕಡ್ಡಿಯ ಸುತ್ತ ಪೂರ್ತಿ ಮುಚ್ಚಿದ ಬಳೆ ಇರುತ್ತದೆ. ಸೋವಿಯತ್ ರೈಫಲ್‌ನಲ್ಲಿ ಅದರ ಮೇಲ್ಭಾಗ ತೆರೆದಿರುತ್ತದೆ. ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗುರುತು ಹೇಳುವುದು ಎಲ್ಲಿ ತಯಾರಾಯಿತು ಎಂಬುದನ್ನು, ಯಾರು ಕೊಟ್ಟರು ಎಂಬುದನ್ನಲ್ಲ. 1980ರ ದಶಕದಲ್ಲಿ ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಅಫ್ಘನ್ ಮುಜಾಹಿದೀನ್‌ಗಳಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಚೀನಾ, ಈಜಿಪ್ಟ್‌ಗಳ ಆಯುಧ ಕೊಂಡು ಪಾಕಿಸ್ತಾನದ ಮೂಲಕ ಕಳಿಸಿದ್ದು ತನ್ನ ಹೆಸರು ಹೊರಬರಬಾರದೆಂದೇ. 1986ರಲ್ಲಿ ಅಮೆರಿಕದ್ದೇ ಸ್ಟಿಂಗರ್ ಕ್ಷಿಪಣಿ ಬಂದಾಗ ಆ ಮುಸುಕು ಸರಿಯಿತು.

ಆಮೇಲೆ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಶಸ್ತ್ರ ವರ್ಗಾವಣೆ ದತ್ತಾಂಶ ತೆರೆಯಿರಿ; 1950ರಿಂದೀಚಿನದು ಸಿಗುತ್ತದೆ. ಅಲ್ಲಿನ ‘ಟಿಐವಿ’ ಅಂಕಿ ಆಯುಧಬಲದ ಅಳತೆ, ಹಣವಲ್ಲ. ಅದನ್ನು ಡಾಲರ್ ಎಂದು ಓದಿದರೆ ಲೆಕ್ಕವೇ ತಪ್ಪು. ರೈಫಲ್‌ಗಳಂಥ ಸಣ್ಣ ಆಯುಧ ಇದರಲ್ಲಿ ಬರುವುದಿಲ್ಲ.

ಶಸ್ತ್ರ ನಿರ್ಬಂಧವಿದ್ದರೆ ವಿಶ್ವಸಂಸ್ಥೆಯ ತಜ್ಞರ ಸಮಿತಿಯ ವರದಿ ಹುಡುಕಿ. ಲಿಬಿಯಾ ಮೇಲೆ ಶಸ್ತ್ರ ನಿರ್ಬಂಧ ಹೇರಿದ್ದು ನಿರ್ಣಯ 1970. ಅದು ಇಸವಿಯಲ್ಲ, ನಿರ್ಣಯದ ಸಂಖ್ಯೆ, ಅಂಗೀಕಾರವಾದದ್ದು 2011ರಲ್ಲಿ.

ಕೊನೆಗೆ ಹಣದ ಹಾದಿ. ಇಲ್ಲಿ ಶೀತಲ ಸಮರದ ಅಮೆರಿಕ-ಸೋವಿಯತ್ ಬಣಗಳ ಗೆರೆಯೂ ಕಲಸಿಹೋಗುತ್ತದೆ. ಅಂಗೋಲಾದ ಕಬಿಂಡಾದಲ್ಲಿ ಅಮೆರಿಕದ ಗಲ್ಫ್ ಆಯಿಲ್ ಕಂಪನಿಯ ತೈಲ ನೆಲೆಗಳನ್ನು ಕಾದವರು ಸೋವಿಯತ್ ಬಣದ ಕ್ಯೂಬಾದ ಸೈನಿಕರು! ಅಲ್ಲಿನ ಅಂತರ್ಯುದ್ಧದಲ್ಲಿ ಸೋವಿಯತ್ ಬೆಂಬಲದ ಆಡಳಿತ ಪಕ್ಷ ಎಂಪಿಎಲ್ಎ, ಅಮೆರಿಕ ಬೆಂಬಲಿಸಿದ ಬಂಡುಕೋರ ಪಡೆ ಯುನಿಟಾಗಳಿಗೆ ತಮ್ಮದೇ ಜಗಳವಿತ್ತು. ಅದನ್ನು ಬಿಟ್ಟು ಬರೀ ವಾಷಿಂಗ್ಟನ್-ಮಾಸ್ಕೋ ನೋಡಿದರೆ, 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಮೇಲೂ ಆ ಯುದ್ಧ 2002ರವರೆಗೆ ಎಳೆದದ್ದೇಕೆಂದು ಅರ್ಥವಾಗುವುದಿಲ್ಲ.