ತಣ್ಣಗಿನ ಕಾಲು, ತಪ್ಪು ಅಂಕಿ

ಅಂಕೋಲಾ, ಕುಮಟಾ, ಗೋಕರ್ಣದ ಕಡೆಯ ಸಕ್ಕರೆ ಕಾಯಿಲೆಯವರ ಪಾದದ ನರಗಳನ್ನು ಅಧ್ಯಯನಕ್ಕಾಗಿ ಪರೀಕ್ಷಿಸುವಾಗ, ಯಂತ್ರ ಹಚ್ಚುವುದಕ್ಕಿಂತ ಕಾಲನ್ನು ತಯಾರು ಮಾಡುವುದಕ್ಕೇ ಹೆಚ್ಚು ಹೊತ್ತು ಬೇಕಾಗುತ್ತದೆ. ಜುಲೈ ಮಳೆಯಲ್ಲಿ ನೆನೆದು ಬಸ್ಸಿಳಿದು ಬಂದವರ ಪಾದದ ಚರ್ಮ 27 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರುವುದುಂಟು. ನರದ ವೇಗ, ಅಂದರೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟಾಗ ನರದಲ್ಲಿ ಸಂಕೇತ ಓಡುವ ವೇಗ, ಅಳೆಯಲು ಕನಿಷ್ಠ 32 ಬೇಕು. ಚರ್ಮ ಒಂದು ಡಿಗ್ರಿ ತಣ್ಣಗಾದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕುಸಿಯುತ್ತದೆ. ಅಂದರೆ 45 ಇರಬೇಕಾದದ್ದು 35 ಎಂದು ಕಾಣುತ್ತದೆ, ಆರೋಗ್ಯವಾಗಿರುವ ನರವೂ ರೋಗದ ಪಟ್ಟಿಗೆ ಸೇರಿಬಿಡುತ್ತದೆ.

ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಡಿಸುತ್ತೇವೆ. ನೀರು 40 ಡಿಗ್ರಿ ದಾಟಬಾರದು, ಅದನ್ನು ಥರ್ಮಾಮೀಟರಿನಲ್ಲೇ ನೋಡಬೇಕು. "ಬಿಸಿ ಸಾಕಾ?" ಎಂದು ರೋಗಿಯನ್ನು ಕೇಳಿ ನಿರ್ಧರಿಸುವುದು ಅಪಾಯ, ಸ್ಪರ್ಶ ಹೋದ ಕಾಲಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು ಒರೆಸಿ, ಹೊರಗಿನ ಹರಡಿನ ಹತ್ತಿರ ಚರ್ಮದ ಉಷ್ಣತೆ ಬರೆದುಕೊಳ್ಳುತ್ತೇವೆ. ಪರೀಕ್ಷೆ ಮುಗಿದ ಮೇಲೆ ಇನ್ನೊಮ್ಮೆ ಬರೆಯುತ್ತೇವೆ, ಫ್ಯಾನಿನ ಕೆಳಗೆ ಕಾಲು ಬೇಗ ಆರುತ್ತದೆ.

ಆಮೇಲೆ ತೆಂಗಿನೆಣ್ಣೆಯ ಕೆಲಸ. ಉರಿಯುವ ಕಾಲಿಗೆ ಎಣ್ಣೆ ತಿಕ್ಕಿಕೊಂಡು ಬರುವವರೇ ಬಹಳ. ಎಲೆಕ್ಟ್ರೋಡ್ ಅಂಟುವುದಿಲ್ಲ, ಕರೆಂಟಿನ ಐವತ್ತು ಹರ್ಟ್ಜ್‌ನ ಗದ್ದಲ ತುಂಬಿಕೊಳ್ಳುತ್ತದೆ. ಮೊದಲು ಸೋಪು, ಮೇಲೆ ಸ್ಪಿರಿಟ್, ನಂತರ ಹಗುರವಾಗಿ ಉಜ್ಜಬೇಕು. ಜೆಲ್ ಜಾಸ್ತಿ ಹಾಕಿದರೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ಹರಿದು, ದಾಖಲಾಗುವ ನರದ ಅಲೆ ಸಣ್ಣದಾಗುತ್ತದೆ. ಅರ್ಥ್ ಎಲೆಕ್ಟ್ರೋಡನ್ನು ಪ್ರಚೋದನೆ ಕೊಡುವ ಜಾಗಕ್ಕೂ ದಾಖಲಿಸುವ ಜಾಗಕ್ಕೂ ನಡುವೆ ಇಡಬೇಕು. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಗದ್ದಲ ಹೆಚ್ಚಿದರೆ ಆ ದಾಖಲೆ ಬಿಟ್ಟು, ಕರೆಂಟು ಬಂದ ಮೇಲೆ ಮತ್ತೆ ತೆಗೆಯಿರಿ.

ಪಾದದ ಹೊರಬದಿಯ ಸ್ಪರ್ಶ ಒಯ್ಯುವ ಸ್ಯೂರಲ್ ನರಕ್ಕೆ ಹೊರಗಿನ ಹರಡಿನ ಹಿಂದೆ ದಾಖಲೆ, ಅಲ್ಲಿಂದ 14 ಸೆಂಟಿಮೀಟರ್ ಮೇಲೆ, ಮೀನಖಂಡದ ಹಿಂಭಾಗದಲ್ಲಿ ಪ್ರಚೋದನೆ. ಟೇಪು 1 ಸೆಂಟಿಮೀಟರ್ ತಪ್ಪಿದರೆ ವೇಗದಲ್ಲಿ ಶೇ. 7ರಷ್ಟು ತಪ್ಪು. ವೇಗ ಕಡಿಮೆಯಿದ್ದೂ ಅಲೆಯ ಎತ್ತರ ಚೆನ್ನಾಗಿದ್ದರೆ ಮೊದಲು ಕಾಲು ಮುಟ್ಟಿ ನೋಡಿ: ತಂಪು ಎತ್ತರವನ್ನು ಹೆಚ್ಚಿಸುತ್ತದೆ, ಸಕ್ಕರೆಯಿಂದ ಹಾಳಾದ ನರದಲ್ಲಿ ಅದು ಕುಗ್ಗುತ್ತದೆ.

ಸ್ಪರ್ಶ ನೋಡುವ ಹತ್ತು ಗ್ರಾಂ ಮಾನೊಫಿಲಮೆಂಟ್ (ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ) ಸುಲಭವೆಂದು ತೋರಿದರೂ ಹೆಚ್ಚು ತಪ್ಪು ಅಲ್ಲೇ. ನೈಲಾನ್ ಎಳೆಯನ್ನು ಚರ್ಮಕ್ಕೆ ನೇರವಾಗಿ ಇಟ್ಟು, ಅದು ಬಾಗುವವರೆಗೆ ಒತ್ತಿ, ತೆಗೆಯಬೇಕು, ಎಲ್ಲ ಸೇರಿ ಎರಡು ಸೆಕೆಂಡು. ಒಂದು ಜಾಗದಲ್ಲಿ ಮೂರು ಸಲ ಕೇಳಬೇಕು, ಅದರಲ್ಲಿ ಒಂದು ಸಲ ಮುಟ್ಟದೇ ಕೇಳಬೇಕು. ಎರಡು ಉತ್ತರ ಸರಿ ಬಂದರೆ ಸ್ಪರ್ಶ ಇದೆ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ, ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವರ ಅಂಗಾಲು ಜಡ್ಡುಗಟ್ಟಿರುತ್ತದೆ. ಆ ಚರ್ಮದ ಮೇಲೆ ಎಳೆ ಒತ್ತಿದರೆ ನರ ಸರಿಯಿದ್ದರೂ "ಗೊತ್ತಾಗಲಿಲ್ಲ" ಎನ್ನುತ್ತಾರೆ. ಜಡ್ಡಿನ ಪಕ್ಕದಲ್ಲಿ ಒತ್ತಬೇಕು, ಪಾದದ ಮೇಲ್ಭಾಗದಲ್ಲೂ ನೋಡಬೇಕು. ಹತ್ತು ಜನರಾದ ಮೇಲೆ ಆ ಎಳೆಗೆ 24 ಗಂಟೆ ವಿಶ್ರಾಂತಿ, ಇಲ್ಲದಿದ್ದರೆ ಅದು ಹತ್ತು ಗ್ರಾಂ ಆಗಿ ಉಳಿಯುವುದಿಲ್ಲ.

ಪ್ರಶ್ನಾವಳಿಯಲ್ಲಿ "ಸಂವೇದನೆ" ಎಂಬ ಪದ ಕೆಲಸಕ್ಕೆ ಬರುವುದಿಲ್ಲ. ಜೋಮು ಹಿಡಿಯುತ್ತದೆಯೇ, ಇರುವೆ ಹರಿದ ಹಾಗೆ ಆಗುತ್ತದೆಯೇ, ಚಪ್ಪಲಿ ಕಳಚಿದ್ದು ತಿಳಿಯದೆ ನಡೆದಿದ್ದೀರಾ ಎಂದು ಕೇಳಿ. ಮೂರನೆಯದಕ್ಕೆ ಹೌದು ಎಂದವರ ಕಾಲನ್ನು ಬಹಳ ಎಚ್ಚರಿಕೆಯಿಂದ ನೋಡಬೇಕು. ಕೊಂಕಣಿ ಮನೆಮಾತಿನವರಿಗೆ ಒಪ್ಪಿಗೆ ಪತ್ರವನ್ನೂ ಕೊಂಕಣಿಯಲ್ಲೇ ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತುವವರಿದ್ದರೆ ನಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಬೇಕು.

ಎಲ್ಲ ಮರಗಟ್ಟುವಿಕೆಯೂ ಸಕ್ಕರೆಯದಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ನರಕ್ಕೆ ಬೇಕಾದ ಬಿ12 ಜೀವಸತ್ವ ಇಳಿಯಬಹುದು. ಶಿರಸಿ ಕಡೆಯ ಸಸ್ಯಾಹಾರಿಗಳಲ್ಲಿ ಇದನ್ನು ನೋಡದೆ ಮುಂದೆ ಹೋಗಬಾರದು. ಮೊಣಕೈ ಒಳಬದಿಯ ನರ ದಪ್ಪಗಿದ್ದು, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆಗೆ ಅಂದೇ ಕಳಿಸಬೇಕು. ಅವರನ್ನು ಅಧ್ಯಯನದಿಂದ ಬಿಟ್ಟರೆ ಸಾಲದು, ಚಿಕಿತ್ಸೆ ತಡವಾದರೆ ಕೈ ಸೊಟ್ಟಗಾಗುತ್ತದೆ.

ಇನ್ನು ದಿನಾಂಕ. ಯಾಂತ್ರಿಕ ದೋಣಿಯವರು ಸಿಗುವುದು ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರೊಳಗೆ. ಮೊದಲ ಅಳತೆ ಮಳೆಗಾಲದಲ್ಲಿ, ಎರಡನೆಯದು ಏಪ್ರಿಲ್ ಸೆಕೆಯಲ್ಲಿ ಆದರೆ, ಕಾಲು ಬೆಚ್ಚಗಾಗಿದ್ದಕ್ಕೇ ಔಷಧ ಫಲಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಮರುಭೇಟಿಯನ್ನು ಮುಂದಿನ ಜೂನ್‌ಗೇ ಬರೆದುಕೊಳ್ಳುತ್ತೇವೆ, ಪ್ರತಿ ವೇಗದ ಪಕ್ಕದಲ್ಲಿ ಚರ್ಮದ ಉಷ್ಣತೆಗೆ ಒಂದು ಕಾಲಂ ಇಡುತ್ತೇವೆ. ಆ ಕಾಲಂ ಖಾಲಿಯಿದ್ದ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.